ಸೂರ್ಯನ ಹಾಜರಿ

ವರ್ಷದಲ್ಲಿ ಐದು ತಿಂಗಳು ಸೂರ್ಯ ರಜೆ ಹಾಕಿ ಹೋಗುವ ಊರು ನಮ್ಮ ಗಾಳಿಬೀಡು. ಉಳಿದ ಏಳು ತಿಂಗಳಲ್ಲೂ ಮಂಜು ಬಿಟ್ಟುಕೊಟ್ಟರೆ ಅವನು ಕಾಣುತ್ತಾನೆ, ಇಲ್ಲವಾದರೆ ಇಲ್ಲ. ಇಂಥ ಊರಿನಲ್ಲಿ ಕೂತು, ಸೂರ್ಯನ ಮುಖದ ಮೇಲೆ ಇವತ್ತು ಎಷ್ಟು ಕಲೆ ಇವೆ ಎಂದು ದಿನವೂ ಎಣಿಸುತ್ತಿದ್ದ ಮನುಷ್ಯ ಇಡೀ ಕೊಡಗಿನಲ್ಲಿ ಒಬ್ಬನೇ ಇದ್ದಿರಬೇಕು. ಆ ಒಬ್ಬ ನಮ್ಮ ಮನೆಯಲ್ಲೇ ಹುಟ್ಟಬೇಕೆ? ಹುಟ್ಟಿದ. ಅವನು ನನ್ನ ಅಣ್ಣ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಆಕಾಶದ ಸಂಗತಿಯಲ್ಲಿ ನಮ್ಮ ಊರಿನ ಯಾವ ಮೇಷ್ಟ್ರಿಗಿಂತಲೂ ನನಗೆ ಹೆಚ್ಚು ಗೊತ್ತು. ಇದು ಜಂಬದ ಮಾತಲ್ಲ. ಅಂಥ ಅಣ್ಣನ ಜೊತೆ ಒಂದೇ ಮನೆಯಲ್ಲಿ ಊಟ ಮಾಡಿದರೆ ಬೆಕ್ಕಿಗೂ ಅಷ್ಟು ತಿಳಿಯುತ್ತದೆ. ನಮ್ಮ ಮನೆಯ ಮಾತು ಅರೆಭಾಷೆ. ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬದಲಿಸಿ ಬರೆಯುತ್ತಿದ್ದೇನೆ. ಅಣ್ಣ ನನ್ನನ್ನು ಕರೆಯುತ್ತಿದ್ದ 'ಗೂಡೆ' ಎಂಬ ಒಂದು ಮಾತನ್ನು ಮಾತ್ರ ಬದಲಿಸಲು ಮನಸ್ಸಿಲ್ಲ. ಗೂಡೆ ಎಂದರೆ ಹುಡುಗಿ, ಅಷ್ಟೇ.

ಇಂಗ್ಲಿಷರ ಕಾಲ, ಅದರಲ್ಲೂ ಯುದ್ಧದ ಕಾಲ. ಅಣ್ಣ ಒಬ್ಬ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಲೈನುಮನೆಗಳ ಆಳುಗಳ ಹೆಸರು ಕೂಗಿ ಹಾಜರಿ ಹಾಕುವುದು ಅವನ ಕೆಲಸ. ಆ ಹಾಜರಿಯಲ್ಲಿ ಅವನು ಎಂಥ ಕಲ್ಲು ಎಂದರೆ, ನಮ್ಮ ಸ್ವಂತ ಸೋದರಮಾವ ಒಂದು ದಿನ, "ಮಾರಾಯ, ಅರ್ಧ ದಿನ ನೆಂಟರ ಮನೆಗೆ ಹೋಗಿ ಬರುತ್ತೇನೆ, ಹೆಸರಿನ ಮುಂದೆ ಒಂದು ಗೀಟು ಹಾಕಿಬಿಡು" ಎಂದದ್ದಕ್ಕೆ, "ಮಾವ, ನೀವು ಬಂದರೆ ಗೀಟು, ಬಾರದಿದ್ದರೆ ಸೊನ್ನೆ" ಎಂದುಬಿಟ್ಟ. ಮಾವ ಒಂದು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಬಾರದವರಿಗೆ ಹಾಜರಿ ಹಾಕುವುದಕ್ಕಿಂತ ದೊಡ್ಡ ಪಾಪ ಅಣ್ಣನ ಲೋಕದಲ್ಲಿ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡಿರಿ, ನನಗೆ ಮುಂದೆ ಬೇಕಾಗುತ್ತದೆ.

ಅವನಿಗೆ ಸೂರ್ಯನ ಹುಚ್ಚು ಹಿಡಿದದ್ದು ದೊರೆಯ ಬಂಗಲೆಯಿಂದ. ದೊರೆ ಓದಿ ಎಸೆದ ಇಂಗ್ಲಿಷ್ ಪತ್ರಿಕೆಗಳನ್ನು ತಂದು ಅಣ್ಣ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದ. ಅದರಲ್ಲಿ ರೇಡಿಯೋ ಮತ್ತು ಸೂರ್ಯನ ನೆಂಟಸ್ತಿಕೆಯ ಬಗ್ಗೆ ಏನೋ ಬಂದಿತ್ತು. ಕಾಫಿ ಗೋಡೌನಿನ ಹಂಚಿನಲ್ಲಿ ಒಂದು ಸಣ್ಣ ತೂತು ಮಾಡಿ, ಕತ್ತಲ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಬಿದ್ದ ಬಿಸಿಲಿನ ಬಿಲ್ಲೆಯನ್ನು ನೋಡುತ್ತ ಮಧ್ಯಾಹ್ನದ ಊಟ ಮರೆಯತೊಡಗಿದ. ಒಂದು ದಿನ ದೊರೆ ಹಾಜರಿ ಪುಸ್ತಕ ತಿರುವುತ್ತಿರುವಾಗ ಆಳುಗಳ ಹೆಸರುಗಳ ಕೊನೆಯಲ್ಲಿ ಒಂದು ಹೊಸ ಹೆಸರು ಕಂಡಿತು. 'ಸೂರ್ಯ: ಹಾಜರು. ಕಲೆ: ಸೊನ್ನೆ.'

"ರೈಟರ್, ಈ ಸೂರ್ಯ ಯಾರು? ಯಾವ ಲೈನಿನ ಆಳು?"

"ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುವವನು ಸಾರ್. ಆದರೆ ಈಚೆಗೆ ಮೈಮುರಿದು ಕೆಲಸ ಮಾಡುತ್ತಿಲ್ಲ."

ಬೇರೆ ದೊರೆಯಾಗಿದ್ದರೆ ಅಣ್ಣ ಆ ದಿನವೇ ಕೆಲಸ ಕಳೆದುಕೊಂಡು ಮನೆಗೆ ಬರುತ್ತಿದ್ದ. ಈ ದೊರೆಗೆ ರೇಡಿಯೋದ ಹುಚ್ಚು. ಎರಡು ಹುಚ್ಚು ಒಂದನ್ನೊಂದು ಗುರುತು ಹಿಡಿಯುವುದು ತಡವೇ? ಅವನು ನಕ್ಕು, ಒಂದು ಕಣ್ಣು ಒಡೆದ ಹಳೇ ದುರ್ಬೀನನ್ನು ಅಣ್ಣನಿಗೆ ಕೊಟ್ಟುಬಿಟ್ಟ. ಅದನ್ನು ಹಂಚಿನ ತೂತಿಗೆ ಕಟ್ಟಿದ ಮೇಲೆ ಬಟ್ಟೆಯ ಮೇಲೆ ಬೀಳುವ ಸೂರ್ಯ ತಟ್ಟೆಯಷ್ಟು ದೊಡ್ಡವನಾದ. ಹಿತ್ತಾಳೆ ಲೋಟ ಕವುಚಿ ಪುಸ್ತಕದಲ್ಲಿ ದಿನಕ್ಕೊಂದು ವೃತ್ತ ಬರೆಯುವುದು, ಕಲೆ ಕಂಡಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡುವುದು. ಇಡುವುದಕ್ಕೆ ಚುಕ್ಕೆ ಎಲ್ಲಿತ್ತು? ಆ ವರ್ಷಗಳಲ್ಲಿ ಸೂರ್ಯನ ಮುಖ ತೊಳೆದಿಟ್ಟ ಹಾಗಿತ್ತು. ಪುಟ ಪುಟವೂ ಬರೀ ಲೋಟದ ತಳ.

"ಕಲೆ ಇಲ್ಲದಿದ್ದರೆ ಒಳ್ಳೆಯದಲ್ಲವೇ? ನಿನಗೆ ಎಂತ ನಷ್ಟ?" ಎಂದು ಅವ್ವ ಒಮ್ಮೆ ಕೇಳಿದಳು. ಕೇಳಬಾರದಿತ್ತು.

"ಅವ್ವ, ಮೋಡಕ್ಕಿಂತ ಎಷ್ಟೋ ಮೇಲೆ ನಮ್ಮ ಮನೆಯ ಚಾವಣಿಯ ಹಾಗೆ ತೆಳ್ಳಗಿನ ಗಾಳಿಯ ಒಂದು ಮಾಡು ಉಂಟು. ರೇಡಿಯೋದ ಅಲೆ ಹೋಗಿ ಅದಕ್ಕೆ ತಾಗಿ ಕೆಳಗೆ ಬರುವುದು. ಆ ಮಾಡನ್ನು ಗಟ್ಟಿ ಮಾಡುವವನು ಸೂರ್ಯ. ಕಲೆ ಹೆಚ್ಚಿದ್ದರೆ ಅವನಿಗೆ ಉಮೇದು ಹೆಚ್ಚು. ಮೇಲಿನ ಗಾಳಿ ಕಾದು, ಒಲೆಯ ಮೇಲಿನ ಹಾಲಿನ ಹಾಗೆ ಉಬ್ಬುತ್ತದೆ. ಕಲೆ ಇಲ್ಲದಾಗ ಅವನು ಸಪ್ಪೆ. ಗಾಳಿ ತಣಿದು ಕುಗ್ಗುತ್ತದೆ, ಮಾಡು ಸಡಿಲವಾಗುತ್ತದೆ. ಹದಿನಾರು ಮೀಟರಿನಂಥ ಗಿಡ್ಡ ಅಲೆ ಅದನ್ನು ತೂರಿಕೊಂಡು ಆಚೆ ಹೋಗಿಬಿಡುತ್ತದೆ."

"ಆಚೆ ಎಂದರೆ ಎಲ್ಲಿಗೆ?"

"ನಕ್ಷತ್ರದ ಕಡೆ."

"ಹಾಗಾದರೆ ಅಲ್ಲಿಯವರಿಗೆ ಕೇಳುತ್ತದಲ್ಲ, ಬಿಡು" ಎಂದಳು ಅವ್ವ. "ಮಳೆಗಾಲಕ್ಕೆ ಮುಂಚೆ ನಮ್ಮ ಕೊಟ್ಟಿಗೆಯ ಮಾಡು ಸರಿ ಮಾಡು. ಆ ಮಾಡು ಆಮೇಲೆ ನೋಡುವಾ."

ಹುಡುಗಿ ನೋಡಲು ವಿರಾಜಪೇಟೆ ಕಡೆಗೆ ಹೋದ ಕತೆ ಇನ್ನೂ ಚೆಂದ. ಹುಡುಗಿ ಕಾಫಿ ತಂದಿಟ್ಟಳು. ಇವನ ಕಣ್ಣು ನೆಲದ ಮೇಲೆ. ಎಷ್ಟು ನಾಚಿಕೆಯ ಹುಡುಗ ಎಂದು ಅವರ ಕಡೆಯ ಹೆಂಗಸರು ಮೆಚ್ಚಿಕೊಳ್ಳುತ್ತಿರುವಾಗ ಇವನು ಎದ್ದು, ಹೆಗಲ ಬಿಳಿ ಟವೆಲನ್ನು ನೆಲಕ್ಕೆ ಹಾಸಿ, ಅದರ ಪಕ್ಕ ಮೊಣಕಾಲೂರಿ ಕೂತ. ಹಂಚಿನ ಸಂದಿನಿಂದ ಒಂದು ಬಿಸಿಲಿನ ಬಿಲ್ಲೆ ಅಲ್ಲಿ ಬಿದ್ದಿತ್ತು. ಆಮೇಲೆ ಹುಡುಗಿಯ ಅಪ್ಪನ ಕಡೆ ತಿರುಗಿ, ಮನಸಾರೆ ಮೆಚ್ಚಿ ಹೇಳಿದ: "ನಿಮ್ಮ ಮಾಡಿನ ತೂತು ಬಹಳ ಚೆನ್ನಾಗಿ ಉಂಟು."

ಆ ಸಂಬಂಧ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಅವನು ಸೂರ್ಯನ ಹೆಸರಿನಲ್ಲಿ ಒಂದು ಸುಳ್ಳು ಹೇಳಿದವನಲ್ಲ. ಹಾಲು ಹೆಪ್ಪಾಗಲಿಲ್ಲ, ಮೇಲಿನ ಗಾಳಿ ಕುಗ್ಗಿದ್ದಕ್ಕೋ ಎಂದು ಕೇಳಿದರೆ, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಾತ್ರೆ ಸರಿಯಾಗಿ ತೊಳಿ" ಎನ್ನುತ್ತಿದ್ದ. ಅವನಿಗೆ ಸೂರ್ಯ ಇದ್ದದ್ದು ರೇಡಿಯೋದ ಮಟ್ಟಿಗೆ ಮಾತ್ರ.

ಆ ರೇಡಿಯೋ ಬೇಕಾದದ್ದು ಆಚೆಮನೆ ಅತ್ತೆಗೆ. ಅತ್ತೆ ನಮಗೆ ನೆಂಟರಲ್ಲ. ಬೇಲಿಯ ಆ ಕಡೆಯ ಮನೆಯವರು, ಗಂಡ ತೀರಿಹೋದವರು. ಒಬ್ಬನೇ ಮಗ ಪಟ್ಟಾಳಕ್ಕೆ, ಎಂದರೆ ಸೈನ್ಯಕ್ಕೆ, ಸೇರಿ ಸಮುದ್ರದಾಚೆಯ ಯಾವುದೋ ಮರಳುಗಾಡಿನಲ್ಲಿದ್ದ. ಅವನು ಹೋದಮೇಲೆ ಅತ್ತೆಯ ಕಿವಿ ಮಂದವಾಗುತ್ತ ಬಂತು. ಮೊದಲು ಹಕ್ಕಿಗಳ ಸದ್ದು ಹೋಯಿತು, ಆಮೇಲೆ ದನದ ಕೊರಳ ಗಂಟೆ. ಕೋಳಿಯ ಕೂಗು ಇನ್ನೂ ಉಳಿದಿತ್ತು. ದಿನ ಬೆಳಗಾದರೆ ಬೇಲಿಯ ಹತ್ತಿರ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು.

"ಇವತ್ತೂ ಕೋಳಿ ಕೇಳಿತು ಕೂಸೇ. ನಿನ್ನೆಗಿಂತ ದೂರದಲ್ಲಿ ಕೂಗಿದ ಹಾಗೆ ಇತ್ತು."

"ಕೋಳಿ ಅಲ್ಲೇ ಉಂಟು ಅತ್ತೆ, ನಿಮ್ಮ ಹಿತ್ತಿಲಲ್ಲೇ."

"ಗಟ್ಟಿಯಾಗಿ ಹೇಳು. ಸಾಯುವವರ ಹಾಗೆ ಮಾತಾಡಬೇಡ."

ಒಂದು ದಿನ ಮಗನ ಕಾಗದ ಬಂತು. ಅಣ್ಣನೇ ಓದಿದ. ಅಲ್ಲಿಯ ರೇಡಿಯೋ ಸ್ಟೇಷನ್ನಿನಿಂದ ಪಟ್ಟಾಳದವರು ಮನೆಯವರಿಗೆ ತಮ್ಮ ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಲು ಅವಕಾಶ ಉಂಟು. ಇಂಥ ವಾರದ ಇಂಥ ದಿನ ತನ್ನ ಸರದಿ. ಅದು ಮಧ್ಯಾಹ್ನ ಒಮ್ಮೆ ಹದಿನಾರು ಮೀಟರಿನಲ್ಲಿ ಬರುತ್ತದೆ, ಸಂಜೆ ಮತ್ತೊಮ್ಮೆ ಮೂವತ್ತೊಂದು ಮೀಟರಿನಲ್ಲಿ. ಅತ್ತೆ ಕಾಗದವನ್ನು ಎರಡು ಸಲ ಓದಿಸಿದರು, ಎರಡು ಸಲವೂ ಗಟ್ಟಿಯಾಗಿ. ಆಮೇಲೆ ಹೇಳಿದರು: "ಅವನ ದನಿ ಒಮ್ಮೆ ಕಿವಿಗೆ ಬೀಳಲಿ ಮಗಾ. ಆಮೇಲೆ ಈ ಕಿವಿ ಬಾಗಿಲು ಹಾಕಿಕೊಂಡರೂ ಅಡ್ಡಿಯಿಲ್ಲ."

ಸುತ್ತಲಲ್ಲಿ ರೇಡಿಯೋ ಇದ್ದದ್ದು ದೊರೆಯ ಬಂಗಲೆಯಲ್ಲಿ ಮಾತ್ರ. ಅದು ಬ್ಯಾಟರಿಯಿಂದ ನಡೆಯುವುದು. ಬ್ಯಾಟರಿ ಇಳಿದರೆ ಮಡಿಕೇರಿಗೆ ಕಳಿಸಬೇಕು. ದೊರೆಗೆ ಸಂಜೆಯ ಯುದ್ಧದ ಸುದ್ದಿ ಕೇಳದಿದ್ದರೆ ಊಟ ಇಳಿಯದು. ಆದರೂ ಅವನು ಒಪ್ಪಿದ. "ಒಂದು ಸಲ. ಮಧ್ಯಾಹ್ನವೋ ಸಂಜೆಯೋ ನೀನೇ ಹೇಳು. ಸಂಜೆ ಎಂದರೆ ಅದೇ ಹೊತ್ತಿಗೆ ಬರುವ ಸುದ್ದಿಯನ್ನು ನಾನು ಒಂದು ದಿನ ಬಿಡುತ್ತೇನೆ. ಸೂರ್ಯನ ಲೆಕ್ಕ ಇಡುವವನು ನೀನಲ್ಲವೇ?"

ಈ ಆಯ್ಕೆಯಲ್ಲೇ ಎಲ್ಲವೂ ಇತ್ತು. ಅಣ್ಣ ನನಗೂ ಬಿಡಿಸಿ ಹೇಳಿದ್ದ. ಸೂರ್ಯನಲ್ಲಿ ಕಲೆ ಇದ್ದರೆ ಮಧ್ಯಾಹ್ನದ ಸ್ಟೇಷನ್ನು ಪಕ್ಕದ ಕೋಣೆಯಲ್ಲಿ ಮಾತಾಡಿದ ಹಾಗೆ ಸ್ವಚ್ಛ. ಅರೆಕಿವುಡಿ ಅತ್ತೆಗೆ ಬೇಕಾದದ್ದು ಅದೇ. ಕಲೆ ಇಲ್ಲದಿದ್ದರೆ ಮಧ್ಯಾಹ್ನ ಏನೂ ಬಾರದು. ಆಗ ಸಂಜೆಯದೇ ಗತಿ. ಅದು ಉದ್ದದ ಅಲೆ, ಗರಗರ ಸದ್ದು ಹೆಚ್ಚು, ಆದರೆ ಸಡಿಲವಾದ ಮಾಡಿಗೂ ತಾಗಿ ಬಂದೇ ಬರುತ್ತದೆ. "ಹಾಗಾದರೆ ಸಂಜೆಯೇ" ಎಂದು ಅಣ್ಣ ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದ. ದೊರೆಗೆ ಹೇಳುವುದೊಂದು ಬಾಕಿ.

ಅಷ್ಟರಲ್ಲಿ ಅವನಿಗೆ ಚಳಿಜ್ವರ ಬಂತು. ಕಂಬಳಿಯೊಳಗೆ ನಡುಗುತ್ತಲೇ ಪುಸ್ತಕ, ಪೆನ್ಸಿಲು ನನ್ನ ಕೈಗೆ ಕೊಟ್ಟ. "ಗೂಡೆ, ದಿನಾ ಹತ್ತು ಗಂಟೆಗೆ ಗೋಡೌನಿಗೆ ಹೋಗಿ ನೋಡು. ಇದ್ದದ್ದನ್ನು ಬರಿ."

ಇನ್ನು ನನ್ನ ಪಾಪದ ಕತೆ. ನನಗೆ ಆ ದಿನಗಳಲ್ಲಿ ಬಹಳ ಕೆಲಸವಿತ್ತು ಎಂದು ಬರೆದರೆ ಯಾರು ಬಂದು ನೋಡುತ್ತಾರೆ? ಇರಲಿಲ್ಲ. ಅಂಗಳದಲ್ಲಿ ಒಣಹಾಕಿದ ಕರಿಮೆಣಸಿಗೆ ಕೋಳಿ ಬಾರದ ಹಾಗೆ ನೋಡಿಕೊಳ್ಳುವುದು, ಅಷ್ಟೇ. ಆದರೆ ಗೋಡೌನಿಗೆ ಏರುದಾರಿ. ಎರಡು ವರ್ಷದಿಂದ ಸೊನ್ನೆ ಬರೆಸಿಕೊಂಡ ಸೂರ್ಯ ಈ ವಾರ ಬೇರೆ ಏನು ತೋರಿಸುತ್ತಾನೆ? ಜಗುಲಿಯಲ್ಲೇ ಕೂತು ಲೋಟ ಕವುಚಿದೆ, ವೃತ್ತ ಬರೆದೆ, ಸೊನ್ನೆ ಹಾಕಿದೆ. ಹೀಗೆ ಮೂರು ದಿನ.

"ಇವತ್ತೂ ಸೊನ್ನೆಯಾ?" ಎಂದು ಕೇಳಿ ಅಣ್ಣ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಗಂಜಿ ಮುಟ್ಟುತ್ತಿರಲಿಲ್ಲ. ನಾಲ್ಕನೆಯ ದಿನ ನನಗೆ ಏನನ್ನಿಸಿತೋ, ಹಣೆಗೆ ಬೊಟ್ಟು ಇಡುವ ಹಾಗೆ, ವೃತ್ತದ ಮೇಲ್ಭಾಗದಲ್ಲಿ ಅಂಚಿಗೆ ಒಂದು ಚುಕ್ಕೆ ಇಟ್ಟೆ.

ಅಣ್ಣ ಎದ್ದು ಕೂತ. "ಮೇಲೆ ಬಂದಿದೆಯಾ? ಅಷ್ಟು ಮೇಲೆ?"

ಸಿಕ್ಕಿಬಿದ್ದೆ ಎಂದುಕೊಂಡೆ.

"ಹಳೇ ಕಲೆ ಸೊಂಟದ ಹತ್ತಿರ ಇರುವುದು. ಹನ್ನೊಂದು ವರ್ಷಕ್ಕೊಮ್ಮೆ ಕಲೆಗಳ ಹೊಸ ಸರದಿ ಶುರುವಾಗುವಾಗ ಮೊದಲು ಮೇಲೆ ಬರುತ್ತದೆ ಎಂದು ಪತ್ರಿಕೆಯಲ್ಲೇ ಉಂಟು. ನೀನೇ ನೋಡಿದ್ದಾ?"

"ಮತ್ತೆ ಯಾರು ನೋಡುವುದು?" ಎಂದೆ.

ಅವನು ಆ ದಿನ ಎರಡು ಬಟ್ಟಲು ಗಂಜಿ ಕುಡಿದ. ಅವ್ವ ನನ್ನ ತಲೆ ಸವರಿದಳು. ಇನ್ನು ನಿಲ್ಲಿಸುವುದು ಹೇಗೆ? ಐದನೆಯ ದಿನ ಎರಡು ಚುಕ್ಕೆ, ಆರನೆಯ ದಿನ ಮೂರು. ಸೂರ್ಯ ತಿರುಗುತ್ತಾನೆ, ಕಲೆ ಸರಿಯುತ್ತದೆ ಎಂದು ಅಣ್ಣನೇ ಕಲಿಸಿದ್ದ. ನಾನು ದಿನಕ್ಕೆ ಇಷ್ಟಿಷ್ಟು ಸರಿಸಿದೆ. ಮೊದಲು ಸೋಮಾರಿತನ, ಆಮೇಲೆ ಪ್ರೀತಿ. ಪ್ರೀತಿಯನ್ನು ಮುಂದಿಟ್ಟು ಬರೆದರೆ ನನಗೆ ಹಿತ, ಆದರೆ ಬಂದದ್ದು ಈ ಕ್ರಮದಲ್ಲಿ.

ಬ್ಯಾಟರಿ ತುಂಬಿಸಿ ತರಲು ಮಡಿಕೇರಿಗೆ ಗಾಡಿ ಹೋಗುವ ದಿನ ಬಂಗಲೆಯ ಬಟ್ಲರ್ ಬಂದು ಕೇಳಿದ. ಅಣ್ಣ ಕಂಬಳಿಯಿಂದ ತಲೆ ಹೊರಗೆ ಹಾಕಿ, "ಮಧ್ಯಾಹ್ನ ಎಂದು ಹೇಳು" ಎಂದ. ಎಂಥ ಜೋರಿನಲ್ಲಿ ಹೇಳಿದ ಗೊತ್ತೇ? ಬೇಲಿಯಾಚೆ ಅತ್ತೆಗೂ ಕೇಳಿತು. ನಾನು ಒಲೆಯ ಮುಂದೆ ಕೂತಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು. ಊದುಕೊಳವೆ ಬಾಯಿಗಿಟ್ಟು, ಉರಿಯುತ್ತಿದ್ದ ಬೆಂಕಿಯನ್ನೇ ಊದುತ್ತ ಕೂತೆ.

ರೇಡಿಯೋ ಕೇಳುವ ದಿನ ಬೆಳಿಗ್ಗೆ ಅಣ್ಣ ಜ್ವರದಿಂದ ಎದ್ದು ಮೊದಲು ಓಡಿದ್ದು ಗೋಡೌನಿಗೆ. ಆದರೆ ಹೂಮಳೆಯ ಮೋಡ ಕವಿದಿತ್ತು. ಕಾಫಿ ಹೂವಿಗೆ ಮಳೆ ಬರುತ್ತದೆ ಎಂದು ಇಡೀ ಎಸ್ಟೇಟೇ ಆಕಾಶ ನೋಡಿ ಹಿಗ್ಗುತ್ತಿರುವಾಗ ಅವನೊಬ್ಬ ಬೇಸರದಿಂದ ಇಳಿದು ಬಂದ. "ಇರಲಿ, ನಿನ್ನೆಯವರೆಗೆ ನೀನು ನೋಡಿದ್ದೀಯಲ್ಲ" ಎಂದ. ನನಗೆ ಆ ಮಾತು ಇವತ್ತಿಗೂ ಕೇಳುತ್ತದೆ.

ಅತ್ತೆ ಮದುವೆಗೆ ಉಡುವ ಸೀರೆ ಉಟ್ಟು ಬಂದರು. ಬಂಗಲೆಯ ಕುರ್ಚಿಯಲ್ಲಿ ಕೂರಲಾರೆ ಎಂದು ರೇಡಿಯೋದ ಪಕ್ಕ ನೆಲದಲ್ಲೇ ಕೂತು, ಕೇಳುವ ಕಿವಿಯನ್ನು ಪೆಟ್ಟಿಗೆಗೆ ಒತ್ತಿಕೊಂಡರು. ಅಣ್ಣ ತಿರುಪು ತಿರುಗಿಸಿದ. ಹದಿನಾರು ಮೀಟರಿನಲ್ಲಿ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಒಂದು ಸದ್ದು. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಅಕ್ಕಿ ಕೇರುವುದು ನಿಲ್ಲಲಿಲ್ಲ. ಗೋಡೆಯ ಗಡಿಯಾರದಲ್ಲಿ ಹೊತ್ತು ಮೀರಿತು. ದೊರೆ ಕಿಟಕಿಯ ಕಡೆ ತಿರುಗಿ ನಿಂತ.

ಅತ್ತೆ ತಲೆ ಎತ್ತಿದರು. ತಮ್ಮ ಕಿವಿಯದೇ ತಪ್ಪು ಎಂದುಕೊಂಡಿದ್ದರು. "ನಂಗೆ ಗೊತ್ತಾಗಲಿಲ್ಲ ಮಗಾ" ಎಂದರು, ತಪ್ಪು ಮಾಡಿದವರ ಹಾಗೆ. "ನಿಮಗೆಲ್ಲ ಕೇಳಿತಲ್ಲ? ಎಂತ ಹೇಳಿದ?"

ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಸೌಖ್ಯವಾಗಿದ್ದಾನಂತೆ, ನಿಮ್ಮನ್ನು ಕೇಳಿದ, ಬೇಗ ಬರುತ್ತಾನಂತೆ. ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಭ್ಯಾಸವಾಗಿತ್ತಲ್ಲ? ಅಣ್ಣ ಅವರ ಎದುರು ಕುಕ್ಕರಗಾಲಿನಲ್ಲಿ ಕೂತು, ಬಾಯಿ ಕಿವಿಯ ಹತ್ತಿರ ತಂದು ಹೇಳಿದ: "ಬರಲಿಲ್ಲ ಅತ್ತೆ. ಯಾರಿಗೂ ಕೇಳಲಿಲ್ಲ. ನಿಮ್ಮ ಕಿವಿಯ ತಪ್ಪಲ್ಲ. ನನ್ನ ಲೆಕ್ಕ ತಪ್ಪಿತು."

ಮರುದಿನ ದೊರೆ ಅಣ್ಣನನ್ನು ಕರೆದು ಹೇಳಿದ. ಹಿಂದಿನ ಸಂಜೆ ಸುದ್ದಿ ಮುಗಿದ ಮೇಲೆ ಸುಮ್ಮನೆ ಮೂವತ್ತೊಂದು ಮೀಟರಿಗೆ ತಿರುಗಿಸಿದನಂತೆ. ಗರಗರದ ನಡುವೆ ಒಬ್ಬರಾದ ಮೇಲೆ ಒಬ್ಬರು ಮಾತಾಡಿದರಂತೆ. ಭಾಷೆ ತಿಳಿಯಲಿಲ್ಲ. ಒಂದು ದನಿ ಮಾತ್ರ "ಅವ್ವಾ" ಎಂದು ಶುರುಮಾಡಿತಂತೆ. ಆಳು ಕಳಿಸಿ ಅತ್ತೆಯನ್ನು ಕರೆಸುವಷ್ಟು ಹೊತ್ತು ಇರಲಿಲ್ಲ.

ಎಸ್ಟೇಟಿನವರಿಗೆ ಹಬ್ಬ. "ರೈಟರೇ, ಇವತ್ತು ಸೂರ್ಯ ಹಾಜರಾ, ಗೈರಾ?" ಎಂದು ಎಲೆ ಅಡಿಕೆ ಜಗಿಯುವವರೆಲ್ಲ ಕೇಳಿದರು. ಅಣ್ಣ ಎಂದಿನಂತೆ ಆಳುಗಳ ಹಾಜರಿ ಕೂಗಿದ. ಮೋಡ ಸರಿದ ದಿನ ಗೋಡೌನಿಗೆ ಹೋಗಿ ಬಂದು, "ಕಲೆ ಒಂದೂ ಇಲ್ಲ" ಎಂದು ಅವ್ವನಿಗೆ ಹೇಳಿದ. ಬಂದ ಕಲೆಗಳು ಹೋದವು ಎಂದುಕೊಂಡಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ.

ಅತ್ತೆಯ ಮಗ ಯುದ್ಧ ಮುಗಿದ ಮೇಲೆ ಕೈಕಾಲು ನೆಟ್ಟಗೆ ಇಟ್ಟುಕೊಂಡೇ ಬಂದ. ಅಷ್ಟರಲ್ಲಿ ಅತ್ತೆಗೆ ಕೋಳಿಯೂ ಹೋಗಿತ್ತು. ಅವನು ಅಂಗಳದಲ್ಲಿ ನಿಂತು ಮಾತಾಡುತ್ತಿದ್ದರೆ ಅವರು ಅವನ ಬಾಯಿಯನ್ನೇ ನೋಡುತ್ತ, ಆಗಾಗ ಅವನ ಗಂಟಲಿನ ಮೇಲೆ ಬೆರಳಿಟ್ಟು ಏನೋ ಹುಡುಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವರೊಬ್ಬರೇ ಇದ್ದಾಗ ಹೋಗಿ ಎಲ್ಲವನ್ನೂ ಹೇಳಿದೆ. ಲೋಟ, ಚುಕ್ಕೆ, ಊದುಕೊಳವೆ, ಒಂದನ್ನೂ ಬಿಡದೆ. ಅವರು ಕೊನೆಯವರೆಗೆ ತಲೆದೂಗಿ, ನನ್ನ ಕೆನ್ನೆ ತಟ್ಟಿ ಹೇಳಿದರು: "ಹೌದು ಹೌದು, ಒಳಗೆ ಬಾ, ಕಾಫಿ ಕುಡಿ."

ಕೇಳದವರಿಗೆ ತಪ್ಪೊಪ್ಪಿಕೊಂಡರೆ ಒಪ್ಪಿಕೊಂಡ ಹಾಗಾಯಿತೇ? ಅದಕ್ಕೇ ಈಗ ಓದು ಬಲ್ಲವರ ಮುಂದೆ ಬರೆದಿದ್ದೇನೆ.

ಒಂದು ಬೆಳಗಿನ ಮಾತನ್ನು ಕೊನೆಗೆಂದು ಎತ್ತಿಟ್ಟುಕೊಂಡಿದ್ದೆ. ಅತ್ತೆಯ ಮಗ ಬರುವುದಕ್ಕೂ ಮುಂಚೆ, ಆ ಮಧ್ಯಾಹ್ನ ಕಳೆದು ಒಂದು ಮಳೆಗಾಲ ದಾಟಿದ ಮೇಲಿನ ಮಾತು. ಅಣ್ಣ ಗೋಡೌನಿನಿಂದ ಓಡಿ ಬಂದು, "ಗೂಡೆ, ಬಾ ಇಲ್ಲಿ" ಎಂದು ಕರೆದ. ಕತ್ತಲಲ್ಲಿ ಬಿಳಿ ಬಟ್ಟೆಯ ಮೇಲೆ ಸೂರ್ಯ ಬಿದ್ದಿದ್ದ. ಅವನ ಮೇಲ್ಭಾಗದಲ್ಲಿ, ಹಣೆಗೆ ಬೊಟ್ಟು ಇಟ್ಟ ಹಾಗೆ, ಎರಡು ಕಪ್ಪು ಚುಕ್ಕೆ. ನಿಜವಾದವು. ಗಾಳಿಗೆ ಮೋಡದ ತೆಳು ಪರೆ ಹಾದುಹೋದರೆ ಅವೂ ಜೊತೆಗೆ ಮಸುಕಾಗಿ ಮತ್ತೆ ಕಾಣುತ್ತಿದ್ದವು.

"ನೀನು ಇಟ್ಟ ಜಾಗದಲ್ಲೇ ಬಂದಿವೆ" ಎಂದ ಅಣ್ಣ. "ಒಂದೇ ವ್ಯತ್ಯಾಸ. ಇವು ಆ ಅಂಚಿಗೆ ಹೋಗಲು ಹದಿಮೂರು ದಿನ ಬೇಕು. ನಿನ್ನವಕ್ಕೆ ಬಹಳ ಅವಸರವಿತ್ತು. ಐದು ದಿನದಲ್ಲಿ ಓಡಿ ಮುಟ್ಟಿಬಿಟ್ಟವು."

"ಯಾವಾಗ ಗೊತ್ತಾಯಿತು?"

"ಬಂಗಲೆಯಿಂದ ಬಂದ ದಿನವೇ. ಪುಟಗಳನ್ನು ಸಾಲಾಗಿ ಇಟ್ಟು ನೋಡಿದೆ."

"ಅತ್ತೆಗೆ ಹೇಳಬಹುದಿತ್ತಲ್ಲ, ಇವಳ ಕೆಲಸ ಎಂದು."

"ಹಾಜರಿಗೆ ರುಜು ಹಾಕುವವನು ರೈಟರ್" ಎಂದ ಅಣ್ಣ. "ತಪ್ಪಿದ್ದರೆ ಕೇಳಬೇಕಾದದ್ದು ಅವನನ್ನು."

ಆಮೇಲೆ ಲೋಟ ಕವುಚಿ ವೃತ್ತ ಬರೆದು, ಪೆನ್ಸಿಲನ್ನು ನನ್ನ ಕೈಗೆ ಕೊಟ್ಟ. "ಇವತ್ತಿನದು ನೀನೇ ಹಾಕು. ಇದ್ದಷ್ಟೇ."

ನಾನು ಬಟ್ಟೆ ನೋಡಿ ನೋಡಿ, ಒಂದು ಚುಕ್ಕೆ ಇಟ್ಟೆ. ಅದರ ಪಕ್ಕ ಎರಡನೆಯದನ್ನೂ ಇಟ್ಟೆ. ತಲೆ ಬಗ್ಗಿಸಿಯೇ ಇದ್ದೆ. ಅಷ್ಟರಲ್ಲಿ ವೃತ್ತದ ನಡುವೆ, ಯಾರೂ ಇಡದೆ, ಮೂರನೆಯದೊಂದು ಒದ್ದೆ ಕಲೆ ಬಿದ್ದು ಹರಡಿಕೊಂಡಿತು.

ಅಣ್ಣ ಅದನ್ನು ಬಗ್ಗಿ ನೋಡಿದ. ಟವೆಲಿನ ತುದಿಯಿಂದ ಮೆಲ್ಲಗೆ ಒತ್ತಿ ತೆಗೆದ.

"ಅದು ಸೂರ್ಯನದ್ದಲ್ಲ ಗೂಡೆ" ಎಂದ. "ಲೆಕ್ಕಕ್ಕೆ ಹಿಡಿಯಬೇಡ."